ಕೈ ಬಿಡದ ಚೆಂಡು

ಈ ಹುಡುಗನ ವಿಷಯ ಬರೆಯಲು ಅವನ ಒಪ್ಪಿಗೆ ಇದೆ. ವಯಸ್ಸು, ಊರು, ಮನೆಯ ದುಡ್ಡಿನ ಅಂಕಿ ಎಲ್ಲ ಬದಲಿಸಿದ್ದೇನೆ. ರೇಷ್ಮೆ ಕಸುಬನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಶಿಡ್ಲಘಟ್ಟದ ಕಡೆ ರೇಷ್ಮೆ ಮನೆಯವರು ಅಂದರೆ ಯಾರ ಗುರುತೂ ಸಿಗಲ್ಲ, ಊರಿಗೆ ಊರೇ ಅದು.

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ, ಒಂದು ಮೆಡಿಕಲ್ ಸ್ಟೋರ್ ಮೇಲಿನ ಕೋಣೆಯಲ್ಲಿ ನಾನು ಆಪ್ತಸಮಾಲೋಚನೆಗೆ ಬರುವ ಜನರನ್ನು ನೋಡುತ್ತೇನೆ. ಗಂಡ ಹೆಂಡತಿ ಜಗಳ, ಪಿಯುಸಿ ಫೇಲು, ಕುಡಿತ, ಇವೇ ಜಾಸ್ತಿ. ಟೆನಿಸ್ ಆಟಗಾರ ಬಂದದ್ದು ಅದೇ ಮೊದಲು. 22 ವರ್ಷ, ಬಾಗಿಲಿಗೆ ತಲೆ ತಗಲುವಷ್ಟು ಎತ್ತರ. ಬಲಗೈ ಎಡಗೈಗಿಂತ ದಪ್ಪ. ಅಕ್ಕ ಕರೆದುಕೊಂಡು ಬಂದಿದ್ದಳು. ಅವಳನ್ನು ಹೊರಗೆ ಕೂರಿಸಿ ಮಾತಾಡಿಸಿದೆ.

"ಸರ್ವ್ ಮಾಡೋಕೆ ಆಗ್ತಿಲ್ಲ ಮೇಡಂ" ಅಂದ.

ನನಗೆ ಅರ್ಥವಾಗಲಿಲ್ಲ. ತೋರಿಸಿ ಅಂದೆ. ಬ್ಯಾಗಿನಿಂದ ಒಂದು ಚೆಂಡು ತೆಗೆದ. ಮೇಲಿನ ಹಳದಿ ಜುಂಗು ಸವೆದು ಬೋಳಾಗಿತ್ತು. ಫ್ಯಾನ್ ಆಫ್ ಮಾಡಿ ಕೋಣೆಯ ನಡುವೆ ನಿಂತ. ಎಡಗೈ ಮೇಲಕ್ಕೆ ಹೋಯಿತು, ಕಣ್ಣಿನ ಮಟ್ಟ ದಾಟಿತು. ಚೆಂಡು ಬಿಡಬೇಕಾದ ಜಾಗದಲ್ಲಿ ಬೆರಳು ತೆರೆಯಲಿಲ್ಲ. ಗಿಣ್ಣುಗಳು ಬೆಳ್ಳಗಾದವು. ಆಮೇಲೆ ಬಿಟ್ಟ, ಆದರೆ ಹೊತ್ತು ಮೀರಿತ್ತು. ಚೆಂಡು ಅವನ ತಲೆ ಹಿಂದಕ್ಕೆ ಹೋಗಿ ಗೋಡೆಯ ಕ್ಯಾಲೆಂಡರಿಗೆ ಬಡಿಯಿತು.

"ಪ್ರಾಕ್ಟೀಸಲ್ಲಿ ಸರಿ ಇರುತ್ತೆ. ಮ್ಯಾಚಲ್ಲಿ, ಅದ್ರಲ್ಲೂ ಸೆಕೆಂಡ್ ಸರ್ವಲ್ಲಿ ಹಿಂಗಾಗುತ್ತೆ."

"ಇಲ್ಲಿ ಮ್ಯಾಚ್ ಇಲ್ವಲ್ಲ?"

"ನೀವು ನೋಡ್ತಿದ್ರಲ್ಲ ಮೇಡಂ."

ಕೊನೆಯ ಪಂದ್ಯ ಆಡಿದ್ದು ಟುನೀಸಿಯಾದ ಮೊನಾಸ್ಟಿರ್‌ನಲ್ಲಿ. 14 ಡಬಲ್ ಫಾಲ್ಟ್, ಅಂದರೆ ಎರಡೂ ಸರ್ವ್ ತಪ್ಪಿ ಎದುರಾಳಿಗೆ ಪಾಯಿಂಟ್ ಹೋದದ್ದು 14 ಸಲ. ಅಲ್ಲಿಂದ ವಾಪಸ್ ಬಂದ ಮೇಲೆ ರಾಕೆಟ್ ಮುಟ್ಟಿಲ್ಲ. ರಾತ್ರಿ ಮೂರು ಗಂಟೆಯಾದರೂ ನಿದ್ದೆ ಇಲ್ಲ. ಅಲ್ಲಿನ ಹೋಟೆಲ್ ಕೋಣೆಯಲ್ಲಿ ಒಂದು ರಾತ್ರಿ "ನಾನಿಲ್ಲದೇ ಹೋದ್ರೆ ಖರ್ಚಾದ್ರೂ ನಿಲ್ಲುತ್ತೆ" ಅನ್ನಿಸಿತಂತೆ. ಇಂಥ ಮಾತನ್ನು ನಾನು ಸುತ್ತಿ ಬಳಸಿ ಕೇಳುವುದಿಲ್ಲ. ಸಾಯುವ ಯೋಚನೆ ಈಗಲೂ ಇದೆಯಾ, ಏನಾದರೂ ತಯಾರಿ ಮಾಡಿಕೊಂಡಿದ್ದೀರಾ ಅಂತ ನೇರವಾಗಿ ಕೇಳಿದೆ. ಇಲ್ಲ, ಅದೊಂದು ರಾತ್ರಿ ಮಾತ್ರ ಅಂದ. ಆದರೂ ಅವನ ಒಪ್ಪಿಗೆ ಪಡೆದು ಅಕ್ಕನಿಗೆ ತಿಳಿಸಿದೆ. ಅದೇ ವಾರ ಮನೋವೈದ್ಯರ ಹತ್ತಿರ ಕಳಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಇಬ್ಬರ ಫೋನಿನಲ್ಲೂ ಹಾಕಿಸಿದೆ. ಹೊತ್ತಲ್ಲದ ಹೊತ್ತಿನಲ್ಲಿ ನಾನು ಫೋನ್ ಎತ್ತದೇ ಇರಬಹುದು, ಅಲ್ಲಿ ಎತ್ತುತ್ತಾರೆ.

ಇನ್ನು ನನ್ನ ತಪ್ಪು. ಮೊದಲ ಎರಡು ಸಲ ನಾನು ಅವನಿಗೆ ಉಸಿರಾಟ ಹೇಳಿಕೊಟ್ಟೆ. ಪಾಪ, ಮರ್ಯಾದೆಯಿಂದ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ, "ಇದು 14 ವರ್ಷಕ್ಕೇ ಕಲಿಸಿದ್ರು ಮೇಡಂ" ಅಂದ. ಅದೂ ಅಲ್ಲದೆ ಬೆಂಗಳೂರಿನ ಒಬ್ಬ ಮೈಂಡ್ ಕೋಚ್‌ಗೆ ಆನ್‌ಲೈನಿನಲ್ಲಿ ದುಡ್ಡು ಕಟ್ಟಿ, ದಿನಾ ಕನ್ನಡಿ ಮುಂದೆ "ನಾನು ಚಾಂಪಿಯನ್" ಅಂತ 50 ಸಲ ಹೇಳುತ್ತಿದ್ದನಂತೆ. ಪ್ರತಿ ವಾರ ಸೋಲುವವನಿಗೆ ಇದನ್ನು ಹೇಳಿಕೊಟ್ಟರೆ ಅವನು ದಿನಾ ಬೆಳಗ್ಗೆ ತನಗೆ ತಾನೇ ಸುಳ್ಳು ಹೇಳಿಕೊಂಡ ಹಾಗಾಗುತ್ತೆ ಅಷ್ಟೇ.

ಪ್ರತಿ ವಾರ ಸೋಲುವುದು ಅಂದೆನಲ್ಲ, ಅದು ಉತ್ಪ್ರೇಕ್ಷೆ ಅಲ್ಲ. ಮೂರನೇ ಸಲ ಬಂದಾಗ ನಾನು ಸುಮ್ನೆ ಕೂತು, ನಿಮ್ಮ ಕೆಲಸ ಏನು ಅಂತ ನನಗೆ ಪಾಠ ಮಾಡಿ ಅಂದೆ. ಅವನು ಆಡುತ್ತಿದ್ದದ್ದು ಅಂತರರಾಷ್ಟ್ರೀಯ ಟೆನಿಸ್ ಸಂಸ್ಥೆ ಐಟಿಎಫ್‌ನ 15 ಸಾವಿರ ಡಾಲರ್ ಟೂರ್ನಿಗಳು. ವೃತ್ತಿಪರ ಟೆನಿಸ್‌ನ ಕೆಳಗಿನ ಮೆಟ್ಟಿಲು. 15 ಸಾವಿರ ಅಂದರೆ ಒಬ್ಬರಿಗೇ ಅಲ್ಲ, ಎಲ್ಲರಿಗೂ ಸೇರಿ. ಸಿಂಗಲ್ಸ್ ಗೆದ್ದವನಿಗೆ 2,160 ಡಾಲರ್. ಮೊದಲ ಸುತ್ತಿನಲ್ಲಿ ಸೋತರೆ 156. ಅದರಲ್ಲೂ ತೆರಿಗೆ ಕಡಿತ. ವಿಮಾನ, ಹೋಟೆಲ್, ಊಟ, ರಾಕೆಟ್ ತಂತಿ ಎಲ್ಲ ಕೈಯಿಂದ. ಮೊದಲ ಸುತ್ತು ಗೆದ್ದು ಎರಡನೆಯದರಲ್ಲಿ ಸೋತರೆ ರ‍್ಯಾಂಕಿಂಗ್‌ಗೆ 1 ಪಾಯಿಂಟ್. ಆ ಪಾಯಿಂಟೂ ಶಾಶ್ವತ ಅಲ್ಲ, 52 ವಾರ ಆದ ಮೇಲೆ ಬಿದ್ದು ಹೋಗುತ್ತೆ. 32 ಜನ ಆಡುವ ಟೂರ್ನಿಯಲ್ಲಿ ಒಂದು ವಾರಕ್ಕೆ 31 ಜನ ಸೋತು ಮನೆಗೆ, ಅಂದರೆ ಮುಂದಿನ ಟೂರ್ನಿಗೆ, ಹೋಗುತ್ತಾರೆ.

ಕ್ರಿಕೆಟ್‌ನಲ್ಲಿ ಸೊನ್ನೆಗೆ ಔಟಾದರೂ ತಂಡ ಗೆದ್ದರೆ ಊಟ ಸೇರುತ್ತೆ. ಇಲ್ಲಿ ಹಾಗಿಲ್ಲ. ಕೋರ್ಟ್‌ನಲ್ಲಿ ಒಬ್ಬನೇ, ವಾಪಸ್ ಕೋಣೆಗೆ ಹೋದರೂ ಒಬ್ಬನೇ. ಕೋಚ್ ಕರೆದುಕೊಂಡು ಹೋಗಲು ದುಡ್ಡಿಲ್ಲ. ಫೋನ್ ತೆಗೆದರೆ ಇನ್‌ಸ್ಟಾಗ್ರಾಂನಲ್ಲಿ ಗುರುತು ಪರಿಚಯ ಇಲ್ಲದವರ ಬೈಗುಳ. ಇವನ ಮೇಲೆ ಬೆಟ್ ಕಟ್ಟಿ ಕಳಕೊಂಡವರಂತೆ. ತಾಯಿಗೆ ಸೇರಿಸಿ ಬೈದಿದ್ದನ್ನು ತೋರಿಸಿದ.

ಚೆಂಡು ಬಿಡುವ ಹೊತ್ತಿಗೆ ತಲೆಯಲ್ಲಿ ಏನು ಓಡುತ್ತೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಚಪ್ಪಲಿ ನೋಡುತ್ತಾ ಕೂತ. ಆಮೇಲೆ ಹೇಳಿದ, "ಗೂಡು."

ಅಪ್ಪ ರೇಷ್ಮೆ ಹುಳ ಮೇಯಿಸುವವರು. ಆ ಕಸುಬಿನಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ನೂರಾರು ಮೊಟ್ಟೆಗಳ ಗುಂಪು. ಅಂಥ 100 ಮೊಟ್ಟೆಗೆ ಚೆನ್ನಾಗಿ ಬಂದರೆ 70 ಕೆಜಿ ಗೂಡು. ಟುನೀಸಿಯಾಕ್ಕೆ ಹೋಗಿಬರುವ ಟಿಕೆಟ್ ಅಂದರೆ ಅವನ ಲೆಕ್ಕದಲ್ಲಿ 200 ಮೊಟ್ಟೆಯ ಒಂದು ಬೆಳೆ. ಮೊದಲ ಸುತ್ತಿನಲ್ಲಿ ಸೋತು 156 ಡಾಲರ್ ಬಂದರೆ 25 ಕೆಜಿ ಗೂಡು. ಒಂದು ಸೆಕೆಂಡ್ ಸರ್ವ್ ತಪ್ಪಿದರೆ ಅಮ್ಮ ಬೆಳಗ್ಗೆ ಕೊಯ್ದ ಸೊಪ್ಪಿನ ಒಂದು ಹೊರೆ. ಒಂದು ಪಾಯಿಂಟಿಗೂ ಇನ್ನೊಂದಕ್ಕೂ ನಡುವೆ ಇರೋದು 25 ಸೆಕೆಂಡ್. ಬೇರೆಯವರು ಅದರಲ್ಲಿ ಟವಲಿಗೆ ಮುಖ ಒರೆಸಿಕೊಂಡು ಮುಂದಿನ ಸರ್ವ್ ಎಲ್ಲಿಗೆ ಅಂತ ಯೋಚಿಸುತ್ತಾರೆ. ಇವನು ಮಾರ್ಕೆಟ್ ರೇಟ್ ಹಾಕುತ್ತಿದ್ದ. ಕೈಯಲ್ಲಿ ಇರುವುದು ಚೆಂಡಾಗಿದ್ದರೆ ಬಿಡುತ್ತಿದ್ದ. ಅಪ್ಪನ ಬೆಳೆಯನ್ನು ಹೇಗೆ ಬಿಡೋದು?

ಅಲ್ಲಿಗೆ ನನಗೆ ದಾರಿ ಕಂಡಿತು. ಇದು ಕೋರ್ಟಿನ ಸಮಸ್ಯೆ ಅಲ್ಲ, ಮನೆಯದು. ಅಪ್ಪನನ್ನು ಕರೆಸಿದೆ.

ಅಪ್ಪ ಬಂದದ್ದು ಗೂಡು ಮಾರ್ಕೆಟ್ ಮುಗಿಸಿಕೊಂಡು, ಹೆಗಲ ಮೇಲೆ ಟವಲ್. ಕುರ್ಚಿಯ ತುದಿಯಲ್ಲಿ ಕೂತರು. "ನಾನು ಯಾವತ್ತಾದ್ರೂ ಲೆಕ್ಕ ಕೇಳಿದೀನಾ ಇವನ್ನ? ಕೇಳಿ ಮೇಡಂ."

"ಕೇಳಲ್ಲ ಅಂತಾನೇ ಅಲ್ವಾ ಅಪ್ಪ" ಅಂದ ಹುಡುಗ. "ಕೇಳಿದ್ರೆ ಹೇಳಿ ಮುಗಿಸ್ತಿದ್ದೆ."

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ನಮ್ಮ ಮನೆಗಳಲ್ಲಿ ಒಳ್ಳೆ ಅಪ್ಪಂದಿರು ಹೀಗೇ. ಮಗನಿಗೆ ಬೇಜಾರಾಗಬಾರದು ಅಂತ ದುಡ್ಡಿನ ಮಾತೇ ಎತ್ತಲ್ಲ. ಮಗ ಆ ಮೌನದೊಳಗೆ ಬಡ್ಡಿ ಸೇರಿಸುತ್ತಾ ಹೋಗುತ್ತಾನೆ.

ಪ್ರತಿ ಬೆಳೆಗೂ ಲೆಕ್ಕ ಬರೆಯುವ ಪುಸ್ತಕ ಅವರ ಹತ್ತಿರ ಇತ್ತು. ಮೊಟ್ಟೆ ಎಷ್ಟು, ಕೂಲಿ ಎಷ್ಟು, ಗೂಡು ಎಷ್ಟಕ್ಕೆ ಹೋಯಿತು ಅಂತ. ಟೆನಿಸ್‌ಗೂ ಹಾಗೇ ಒಂದು ಬರೆದು ತನ್ನಿ ಅಂದೆ. ಮುಂದಿನ ವಾರ ತಂದರು. ಅದಕ್ಕೆ ಮುಂಚೆ ಹುಡುಗನಿಗೆ ಒಂದು ಚೀಟಿಯಲ್ಲಿ ತನ್ನ ಅಂದಾಜು ಬರೆಯಲು ಹೇಳಿದ್ದೆ. ಅವನ ಚೀಟಿಯಲ್ಲಿ 60 ಲಕ್ಷ. ಅಪ್ಪನ ಪುಸ್ತಕದಲ್ಲಿ 31. ಸೊಪ್ಪಿನ ತೋಟ ಒಂದು ಎಕರೆ ಮಾರಿದ್ದು ಪೂರ್ತಿ ತನಗಾಗಿ ಅಂತ ಇಷ್ಟು ವರ್ಷ ನಂಬಿದ್ದ. ಅರ್ಧಕ್ಕಿಂತ ಜಾಸ್ತಿ ಅಕ್ಕನ ಮದುವೆಗೆ ಹೋಗಿತ್ತು. ಅಕ್ಕನಿಗೂ ಅದು ಗೊತ್ತಿರಲಿಲ್ಲ, ಅದು ಬೇರೆ ಕಥೆ.

31 ಲಕ್ಷ ಏನು ಕಡಿಮೆಯಾ? ಅಲ್ಲ. ಆದರೆ ಅಂಕಿ ಇರುವ ಸಾಲ ಬೇರೆ, ಅಂಕಿ ಇಲ್ಲದ ಸಾಲ ಬೇರೆ.

ಅಪ್ಪನಿಗೆ ಒಂದು ಅನುಮಾನ ಒಳಗೇ ಇತ್ತು. ಮಗನಲ್ಲೇ ಏನೋ ಕೊರತೆ ಇರಬೇಕು, ಅದಕ್ಕೇ ಸಂಪಾದನೆ ಇಲ್ಲ ಅಂತ. ಅವರಿಗೆ ಸುಮಿತ್ ನಾಗಲ್ ವಿಷಯ ಹೇಳಿದೆ. 2023ರಲ್ಲಿ ದೇಶದ ಮೊದಲನೇ ಸಿಂಗಲ್ಸ್ ಆಟಗಾರ ಆಗಿದ್ದಾಗಲೇ, ತಮ್ಮ ಖಾತೆಯಲ್ಲಿ 900 ಯೂರೋ ಉಳಿದಿದೆ ಅಂತ ಅವರು ಬಾಯಿಬಿಟ್ಟು ಹೇಳಿದ್ದರು. ಮುಂದಿನ ಜನವರಿಯಲ್ಲಿ ಅದೇ ನಾಗಲ್ ಆಸ್ಟ್ರೇಲಿಯನ್ ಓಪನ್‌ನಲ್ಲಿ ಶ್ರೇಯಾಂಕಿತ ಬುಬ್ಲಿಕ್ ಅವರನ್ನು ಸೋಲಿಸಿದರು. ಅಪ್ಪ ಎರಡನೇ ಭಾಗ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. "ಅವರಿಗೇ 900 ಅಂದ್ರೆ..." ಅಂತ ಮಗನ ಕಡೆ ನೋಡಿದರು.

ಹುಡುಗನಿಗೆ ಮಾತ್ರ ನಾನು ಸ್ಫೂರ್ತಿಯ ಕಥೆ ಹೇಳಲಿಲ್ಲ. ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿಗೆ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದದ್ದನ್ನು ಮದುವೆ ಮನೆಗಳಲ್ಲಿ ಕಂಡಕಂಡವರೆಲ್ಲ ಅವನಿಗೆ ಹೇಳಿಯಾಗಿತ್ತು. "ಅಂದ್ರೆ ಇನ್ನೂ 21 ವರ್ಷ ಅಪ್ಪ ಹುಳ ಮೇಯಿಸ್ಬೇಕು" ಅಂತ ಅವನಿಗೆ ಕೇಳಿಸಿತ್ತಂತೆ. ಅವನಿಗೆ ಉಪಯೋಗಕ್ಕೆ ಬಂದದ್ದು ಒಂದು ಒಣ ಅಂಕಿ. ರೋಜರ್ ಫೆಡರರ್ ಆಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಸುಮಾರು ಶೇ 80 ಗೆದ್ದಿದ್ದಾರೆ. ಪಾಯಿಂಟ್ ಲೆಕ್ಕದಲ್ಲಿ ಗೆದ್ದದ್ದು ಶೇ 54 ಮಾತ್ರ. "ಅಂದ್ರೆ 100ಕ್ಕೆ 46 ಅವರೂ ಕಳ್ಕೊಂಡಿದಾರೆ" ಅಂತ ಬೆರಳು ಮಡಚಿದ. ಅಷ್ಟಕ್ಕೂ ಗೂಡಿನ ರೇಟ್ ಹಾಕಿದ್ದರೆ ಅವರಾದರೂ ಆಡುತ್ತಿದ್ದರಾ ಅಂತ ಕೇಳಿದೆ. ನಕ್ಕ. ಅವನು ನಕ್ಕದ್ದನ್ನು ನಾನು ಆವತ್ತೇ ನೋಡಿದ್ದು.

ಮುಂದಿನ ಪ್ರಶ್ನೆ, ಈಗ ಆಡಬೇಕಾ ಬೇಡವಾ. ರ‍್ಯಾಂಕಿಂಗ್‌ಗೆ ಇದ್ದದ್ದೇ 4 ಪಾಯಿಂಟ್, ಅದರಲ್ಲಿ 2 ಮುಂದಿನ ತಿಂಗಳು ಬೀಳುವುದಿತ್ತು. ಸುಮ್ಮನೆ ಕೂರಲು ಅವನಿಗೆ ಭಯ. ಆಗ ಅಪ್ಪನೇ ಬಾಯಿ ಹಾಕಿದರು. ಹುಳ ಪೊರೆ ಬಿಡುವ ಹೊತ್ತಿಗೆ ಅವರ ಕಸುಬಿನಲ್ಲಿ ಜ್ವರ ಅಂತಾರೆ.

"ಹುಳ ಜ್ವರಕ್ಕೆ ಕೂತಾಗ ನಾವು ಸೊಪ್ಪು ಹಾಕಲ್ಲ ಕಣಪ್ಪ. ತಲೆ ಎತ್ಕೊಂಡು ಅಲ್ಲಾಡದೆ ಕೂತಿರ್ತದೆ. ಗೊತ್ತಿಲ್ಲದೋರು ಹಸಿದಿದೆ ಅಂತ ಸೊಪ್ಪು ಹಾಕ್ತಾರೆ, ಬೆಳೆ ಕೆಡುತ್ತೆ. ಪೊರೆ ಬಿಟ್ಟು ಎದ್ದ ಮೇಲೆ ತಾನೇ ತಿಂತದೆ."

"ಹಂಗಾದ್ರೆ ನಾನು ಹುಳಾನಾ?"

"ನಾಕ್ ಜ್ವರ ಎದ್ದ ಮೇಲೇನೇ ಗೂಡು ಕಟ್ಟೋದು. ನಿಂದು ಎಷ್ಟನೇದೋ."

ನಾನು ಬರೆದುಕೊಂಡೆ. ಇದನ್ನು ನಾನು ಹೇಳಿದ್ದರೆ ಉಪದೇಶ ಆಗುತ್ತಿತ್ತು.

ಕೊಟ್ಟ ಸಲಹೆ ಇಷ್ಟು. ಆರು ವಾರ ಪಂದ್ಯ ಬೇಡ, ಪಾಯಿಂಟ್ ಬಿದ್ದರೆ ಬೀಳಲಿ. ಅಪ್ಪ ಮಗ ಕೂತು ಒಂದು ಕಾಗದ ಬರೆಯಬೇಕು: ಇನ್ನು 18 ತಿಂಗಳು, ಇಂತಿಷ್ಟು ದುಡ್ಡು, ಅದರ ಮೇಲೆ ಒಂದು ರೂಪಾಯಿಯೂ ಇಲ್ಲ. ಮಿಕ್ಕದ್ದಕ್ಕೆ ಹುಡುಗ ಬೆಂಗಳೂರಿನಲ್ಲಿ ವಾರಕ್ಕೆ ಮೂರು ದಿನ ಮಕ್ಕಳಿಗೆ ಕಲಿಸಬೇಕು. ಪ್ರತಿ ಟೂರ್ನಿ ಆದ ಮೇಲೆ ಅಪ್ಪ ಖರ್ಚು ಎಷ್ಟಾಯಿತು ಅಂತ ಬಾಯಿ ಬಿಟ್ಟು ಕೇಳಲೇಬೇಕು. ಇದಕ್ಕೆ ಅವರು ಒಪ್ಪಲು ಅರ್ಧ ಗಂಟೆ ಹಿಡಿಯಿತು. ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಅಕ್ಕನ ಕೈಗೆ. ರ‍್ಯಾಂಕಿಂಗ್ ನೋಡುವುದು ಸೋಮವಾರ ಒಂದೇ ಸಲ, ಯಾಕೆಂದರೆ ಅದು ಬದಲಾಗೋದೇ ಸೋಮವಾರ.

ಕೋರ್ಟಿನಲ್ಲಿ ಲೆಕ್ಕ ನುಗ್ಗಿದರೆ ಓಡಿಸಲು ಹೋಗಬೇಡಿ ಅಂದೆ. ಓಡಿಸಿದಷ್ಟೂ ಬರುತ್ತೆ. "ಸಂಜೆ 7ಕ್ಕೆ ಬಾ" ಅನ್ನಿ, ಸಂಜೆ 7ಕ್ಕೆ ನಿಜವಾಗಲೂ ಹತ್ತು ನಿಮಿಷ ಪುಸ್ತಕ ತೆಗೆದು ಬರೆಯಿರಿ. ಬರೆಯದಿದ್ದರೆ ಮಾರನೇ ದಿನ ಅದು ನಿಮ್ಮ ಮಾತು ನಂಬಲ್ಲ. ಟಾಸ್, ಅಂದರೆ ಸರ್ವ್ ಮಾಡಲು ಚೆಂಡು ಮೇಲೆಸೆಯುವುದು, ಆ ವಿಷಯವನ್ನು ಕೋಚ್ ಜೊತೆ ಮಾತಾಡಿ ಹೀಗೆ ಮಾಡಿದೆವು. ಕೈಯನ್ನು ಗಮನಿಸುವುದು ಬಿಟ್ಟು, ಮೇಲೆ ಒಂದು ಜಾಗ ಗುರುತಿಟ್ಟುಕೊಂಡು ಚೆಂಡನ್ನು ಅಲ್ಲಿಗೆ ಎಸೆಯುವುದು. ಹೊಡೆಯುವುದು ಬೇಡ, ಸುಮ್ನೆ ಎಸೆದು ಹಿಡಿಯುವುದು. ಮೊದಲು ಒಬ್ಬನೇ, ಆಮೇಲೆ ಅಕ್ಕನ ಎದುರು, ಆಮೇಲೆ ಅಪ್ಪನ ಎದುರು. ಹುಳು ಮನೆಯ ಮುಂದಿನ ಅಂಗಳದಲ್ಲಿ ಅಪ್ಪನ ಮುಂದೆ ಎಸೆದ ದಿನ 40ರಲ್ಲಿ 11 ಕೈಯಲ್ಲೇ ಉಳಿದವು. ಎರಡು ವಾರ ಬಿಟ್ಟು 3.

ನಿದ್ದೆ ಮಾತ್ರೆ ವೈದ್ಯರು ಎರಡು ತಿಂಗಳಲ್ಲಿ ನಿಲ್ಲಿಸಿದರು.

ಆರು ವಾರ ಒಂಬತ್ತಾಯಿತು. ಆಮೇಲೆ ನಮ್ಮ ದೇಶದಲ್ಲೇ ನಡೆದ ಒಂದು 15 ಸಾವಿರ ಡಾಲರ್ ಟೂರ್ನಿಗೆ ಹೋದ. ಮೊದಲ ಸುತ್ತಿನಲ್ಲೇ ಸೋತ, ಮೂರು ಸೆಟ್. 9 ಡಬಲ್ ಫಾಲ್ಟ್. ನಾಲ್ಕು ಸಲ ಬೆರಳು ಹಿಡಿದುಕೊಂಡಿತ್ತಂತೆ, ಉಳಿದ ಐದು ಬರೀ ಕೆಟ್ಟ ಸರ್ವ್. ಅದನ್ನು ಅವನು ಬಿಡಿಸಿ ಹೇಳಿದ್ದು ನನಗೆ ಖುಷಿ ಕೊಟ್ಟಿತು.

ಆವತ್ತು ರಾತ್ರಿ ಅಪ್ಪನ ಫೋನ್ ಬಂತು. ಹಿಂದೆ ಸೊಪ್ಪು ಕತ್ತರಿಸುವ ಸದ್ದು.

"ಕೇಳಿದೆ ಮೇಡಂ, ನೀವು ಹೇಳಿದ ಹಾಗೆ. ಎಷ್ಟಾಯ್ತೋ ಅಂದೆ. 18,400 ಅಂದ. ಸರಿ, ಬರ್ಕೋ ಅಂದೆ. ಆಮೇಲೆ ಊಟ ಆಯ್ತಾ ಅಂದೆ. ಎರಡು ಪ್ಲೇಟ್ ಅನ್ನ ಸಾಂಬಾರ್ ತಿಂದನಂತೆ."