ಮರದ ಬಿಲ್ಲಿನಿಂದ ಬಾಣ ಇನ್ನೂ ದೂರ ಹೋಗಬೇಕು. ಪೂರ್ತಿ ಎಳೆಯಲು 60 ಪೌಂಡ್ ಬಲ ಬೇಕಾದ ಬಿಲ್ಲು ಬಿಟ್ಟು 80 ಪೌಂಡಿನದು ಮಾಡಲೇ?

ಬೇಡ. ಇದೇ ಲೆಕ್ಕ ಹಾಕಿ ನಾನು ಒಂದು ಒಳ್ಳೆಯ ಯೂ ಮರದ ತುಂಡು ಹಾಳುಮಾಡಿಕೊಂಡಿದ್ದೇನೆ.

ನನ್ನದೂ ಮೊದಲು 60 ಪೌಂಡಿನ ಉದ್ದಬಿಲ್ಲೇ. ಫ್ಲೈಟ್ ಶೂಟಿಂಗ್‌ನಲ್ಲಿ ಗುರಿ ಇಲ್ಲ, ದೂರ ಒಂದೇ ಲೆಕ್ಕ. ಬಿಲ್ಲು ಬಿಗಿಯಾದಷ್ಟೂ ಬಾಣ ದೂರ, ಅಲ್ವಾ? ಹಾಗಂದುಕೊಂಡು ದಪ್ಪನೆಯದೊಂದು ಕೆತ್ತಲು ಕೂತೆ. ಮರ ಒಣಗಿದೆಯೇ ಅಂತ ನೋಡಿದ್ದು ಬರೀ ಕೈಯಿಂದ ಮುಟ್ಟಿ. ಹೊರಗೆ ಒಣಗಿತ್ತು, ಒಳಗೆ ಹಸಿ ಇತ್ತು. ಕೆಟ್ಟದ್ದು ಇಲ್ಲೇ. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಬಿಲ್ಲು ಎಳೆದಾಗ ಅದರ ಬೆನ್ನು, ಅಂದರೆ ನಮ್ಮಿಂದ ಆಚೆಗಿರುವ ಮೈ, ಹಿಗ್ಗುತ್ತದೆ. ಹೊಟ್ಟೆ, ಅಂದರೆ ನಮ್ಮ ಕಡೆಯ ಮೈ, ಒತ್ತಿಕೊಳ್ಳುತ್ತದೆ. ಬಿಲ್ಲಿಗೆ ಯೂ ಮರ ಹೆಸರುವಾಸಿಯಾದದ್ದೇ ಇದರಿಂದ. ಹೊರಗಿನ ಬಿಳಿ ಮರ ಎಳೆತ ತಾಳುತ್ತದೆ, ಒಳಗಿನ ಚೇಗು ಒತ್ತಡ ತಾಳುತ್ತದೆ. ಆದರೆ ನೀರಿನಂಶ ಉಳಿದಿದ್ದರೆ ಹೊಟ್ಟೆಯ ಎಳೆಗಳು ಜಜ್ಜಿಹೋಗುತ್ತವೆ, ಮತ್ತೆ ಮೊದಲಿನಂತಾಗುವುದಿಲ್ಲ. ಹೆದೆ ಇಳಿಸಿದ ಮೇಲೂ ಬಿಲ್ಲು ಬಾಗಿಯೇ ಇರುತ್ತದೆ. ಇದಕ್ಕೆ ಸೆಟ್ ಅನ್ನುತ್ತಾರೆ. ನನ್ನದು ಮೂರು ಇಂಚಿಗೂ ಜಾಸ್ತಿ ಬಾಗಿತ್ತು.

ಮೋಸ ಏನಂದರೆ, ಎಳೆತದ ಬಲ ತೋರಿಸುವ ತಕ್ಕಡಿ ಸುಳ್ಳು ಹೇಳಲಿಲ್ಲ. 28 ಇಂಚು ಎಳೆದರೆ ಸರಿಯಾಗಿ 80 ಪೌಂಡು ತೋರಿಸಿತು. ಆದರೆ ಬಾಣವನ್ನು ಓಡಿಸುವುದು ಕೊನೆಯ ಇಂಚಿನ ಬಲ ಒಂದೇ ಅಲ್ಲ. ಎಳೆಯಲು ಶುರುಮಾಡಿದಲ್ಲಿಂದ ಪ್ರತಿ ಇಂಚಿನಲ್ಲೂ ಸೇರುತ್ತಾ ಬಂದ ಶಕ್ತಿ. ಸೆಟ್ ಆದ ಬಿಲ್ಲಿನಲ್ಲಿ ಮೊದಲ ಇಂಚುಗಳು ಸಡಿಲ, ಕೊನೆಗೆ ಮಾತ್ರ ಬಿಗಿ. ಎರಡೆರಡು ಇಂಚಿಗೆ ತಕ್ಕಡಿ ಓದಿ ಗ್ರಾಫ್ ಬರೆದಿದ್ದರೆ ಗೆರೆ ಜೋತುಬಿದ್ದದ್ದು ಅವತ್ತೇ ಕಾಣುತ್ತಿತ್ತು. ನಾನು ಕೊನೆಯ ಅಂಕಿ ಓದಿ ಖುಷಿಪಟ್ಟೆ.

ಸಾಲದ್ದಕ್ಕೆ ತುದಿಗಳೂ ದಪ್ಪ. ಬಿಲ್ಲಿನಲ್ಲಿ ಎಲ್ಲಕ್ಕಿಂತ ವೇಗವಾಗಿ ಓಡುವುದು ತುದಿ. ಅದರ ಭಾರವನ್ನು ಓಡಿಸಲು ಹೋದ ಶಕ್ತಿ ಬಾಣಕ್ಕೆ ಸಿಗುವುದಿಲ್ಲ. ಬಾಣ ಹಗುರವಾದಷ್ಟೂ ಈ ನಷ್ಟ ಜಾಸ್ತಿ, ದೂರಕ್ಕೆ ಬಿಡುವ ಬಾಣವೋ ಹಗುರವೇ. ಕೊನೆಗೆ ಹಳೆಯ ಬಿಲ್ಲಿಗಿಂತ ಕೆಲವೇ ಹೆಜ್ಜೆ ಮುಂದೆ ಬಿತ್ತು. ಭುಜನೋವು ಬೇರೆ.

ಮೇರಿ ರೋಸ್ ಹಡಗಿನ ಬಿಲ್ಲುಗಳ ಹೆಸರು ಹೇಳಿ ನಿಮ್ಮನ್ನು ಯಾರಾದರೂ ಹುರಿದುಂಬಿಸಬಹುದು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆ ಬಂದ ಇಂಗ್ಲೆಂಡಿನ ಹಡಗು ಅದು. ಅದರಲ್ಲಿ ಸಿಕ್ಕ ಬಿಲ್ಲುಗಳು 100 ಪೌಂಡ್ ದಾಟುತ್ತಿದ್ದವು ಎಂಬ ಅಂದಾಜಿದೆ. ನಿಜ. ಆದರೆ ಅವು ಭಾರದ ಯುದ್ಧಬಾಣ ಎಸೆಯಲು ಮಾಡಿದವು. ನಿಮ್ಮ ಕೆಲಸವೇ ಬೇರೆ.

ಮರವನ್ನು ಆಗಾಗ ತೂಗಿ ಬರೆದಿಡಿ. ತೂಕ ಇಳಿಯುವುದು ನಿಲ್ಲುವವರೆಗೆ ಹೆದೆ ಏರಿಸಲೇಬೇಡಿ. ನೀರಿನಂಶ ಶೇ. 10ರ ಆಸುಪಾಸಿನಲ್ಲಿದ್ದರೆ ಸಾಕು. ಎರಡೂ ತೋಳು ಸಮನಾಗಿ ಬಾಗುವಂತೆ ಹೆರೆಯುವಾಗ, ಕೊನೆಗೆ ಬೇಕಾದ ಪೌಂಡಿಗಿಂತ ಜಾಸ್ತಿ ಯಾವತ್ತೂ ಎಳೆಯಬೇಡಿ. ತುದಿಗಳನ್ನು ಹೆದೆ ನಿಲ್ಲುವಷ್ಟು ಮಾತ್ರ ಉಳಿಸಿ ಸಣ್ಣಗೆ ಮಾಡಿ. ಹೆದೆಯೂ ತೆಳ್ಳಗಿರಲಿ.

ಪರೀಕ್ಷೆ ಮಾಡುವಾಗ ಒಂದೇ ಬಾಣ, ಒಂದೇ ಎಳೆತ. ಗಾಳಿ ಬದಲಾಗುತ್ತಲೇ ಇರುತ್ತದೆ, ಹಾಗಾಗಿ ಎರಡು ಬಿಲ್ಲುಗಳನ್ನು ಒಂದಾದ ಮೇಲೊಂದರಂತೆ ಬಿಡಿ. ವೇಗ ಅಳೆಯುವ ಕ್ರೋನೋಗ್ರಾಫ್ ಸಿಕ್ಕರೆ ಅರ್ಧ ಜಗಳವೇ ಮುಗಿಯಿತು. ಕೋನ 45 ಡಿಗ್ರಿಗಿಂತ ಸ್ವಲ್ಪ ಕೆಳಗೇ ಇರಲಿ, ಗಾಳಿಯ ತಡೆ ಇದೆಯಲ್ಲ. ನಡುವೆ ದಪ್ಪಗಿದ್ದು ಎರಡೂ ತುದಿಗೆ ಸಣ್ಣಗಾಗುವ, ಪುಟ್ಟ ಗರಿಯ ಬಾಣ ಒಳ್ಳೆಯದು. ಆದರೆ ಹಗುರ ಅಂತ ಹುಲ್ಲುಕಡ್ಡಿ ಮಾಡಬೇಡಿ. ಬಾಣವೇ ಇಲ್ಲದೆ ಹೆದೆ ಬಿಟ್ಟಂತಾಗಿ ಬಿಲ್ಲು ಮುರಿಯಬಹುದು.

ಈಗಿರುವ ಬಿಲ್ಲಿನ ಹೆದೆ ಇಳಿಸಿ, ನೆಟ್ಟಗಿನ ಹಲಗೆಗೆ ತಾಗಿಸಿ, ಎಷ್ಟು ಬಾಗಿದೆ ಅಳೆದು ಕಾಮೆಂಟಿನಲ್ಲಿ ತಿಳಿಸಿ. ಒಂದು ಇಂಚಿನೊಳಗಿದ್ದರೆ ತುದಿ ಹೆರೆಯಿರಿ, ಬಾಣ ಬದಲಿಸಿ. ಎರಡರ ಮೇಲಿದ್ದರೆ ಅದನ್ನು ಸುಮ್ನೆ ಗುರಿ ಅಭ್ಯಾಸಕ್ಕೆ ಇಟ್ಟುಕೊಂಡು, ಹೊಸ ಮರ ಒಣಗಲು ಹಾಕಿ. ಅದೂ 60 ಪೌಂಡಿಗೇ.