ಬೈನಾಕ್ಯುಲರ್ ಮಸುಕಾದರೆ: ಮಂಜು ಗಾಜಿನ ಒಳಗೋ ಹೊರಗೋ?

ಅಕ್ಕಾ, ಪುನರ್ವಸು ಮಳೆಯಲ್ಲಿ ಕಳಸದ ಕಡೆ ಮಂಗಟ್ಟೆ ಹಕ್ಕಿ ನೋಡಲು ಹೋದಾಗ ಹೊಸ ಬೈನಾಕ್ಯುಲರ್ ಮಸುಕಾಯಿತು, ಕೆಟ್ಟೇ ಹೋಯಿತಾ ಅಂತ ಕೇಳಿದ್ದೀರಿ. ಗಾಬರಿ ಬೇಡ. ಮಂಜು ಗಾಜಿನ ಹೊರಗಿದೆಯೋ ಒಳಗಿದೆಯೋ, ಮೊದಲು ಅದನ್ನು ನೋಡಿ.

ಒರೆಸಿದರೆ ಹೋಗುವುದಾದರೆ ಅದು ನಿಮ್ಮ ಉಸಿರಿನದೋ ಕಾರಿನ ಎಸಿಯದೋ ಕೆಲಸ. ತಣ್ಣಗಿದ್ದ ಗಾಜಿಗೆ ಹೊರಗಿನ ತೇವದ ಗಾಳಿ ತಾಗಿದರೆ ಬೆವರದೆ ಇರುತ್ತದಾ? ಜಾಗ ತಲುಪಲು ಕಾಲು ಗಂಟೆ ಇದೆ ಎನ್ನುವಾಗಲೇ ನಾನು ಎಸಿ ಆರಿಸಿ ಕಿಟಕಿ ಇಳಿಸಿಬಿಡುತ್ತೇನೆ. ಮಫ್ಲರ್ ಮೂಗಿನ ಮೇಲಿದ್ದರೆ ಉಸಿರೆಲ್ಲ ಗಾಜಿಗೇ ನುಗ್ಗುತ್ತದೆ, ಕೆಳಗಿಳಿಸಿ. ಇನ್ನೊಂದು: ಎದೆ ಮೇಲೆ ನೇತಾಡುವಾಗ ಕಣ್ಣಿಡುವ ಗಾಜು ಆಕಾಶಕ್ಕೆ ಮುಖ ಮಾಡಿರುತ್ತದೆ, ಮರದ ಹನಿಯೆಲ್ಲ ಅಲ್ಲಿಗೇ. ಆ ಗಾಜಿಗೆ ಮುಚ್ಚಲೆಂದು ಜೊತೆಗೆ ಬಂದ ರೈನ್‌ಗಾರ್ಡನ್ನು ಪಟ್ಟಿಗೆ ಪೋಣಿಸಿಕೊಳ್ಳಿ, ಡಬ್ಬದಲ್ಲೇ ಬಿಡಬೇಡಿ.

ಒರೆಸಿದರೂ ಹೋಗದಿದ್ದರೆ ನೀರಾವಿ ಒಳಗೆ ಸೇರಿದೆ. ನೈಟ್ರೋಜನ್ ತುಂಬಿ ಸೀಲ್ ಮಾಡಿದ್ದರಲ್ಲಿ ಹಾಗಾಗಬಾರದು, ನೇರ ವಾರಂಟಿಗೆ ಕೊಡಿ. ನೀವೇ ಸ್ಕ್ರೂ ಬಿಚ್ಚಿದರೆ ಎರಡು ಕೊಳವೆಗಳ ಹೊಂದಾಣಿಕೆ ತಪ್ಪಿ ಒಂದು ಹಕ್ಕಿ ಎರಡಾಗಿ ಕಾಣುತ್ತದೆ. ಡಬ್ಬದ ಮೇಲೆ ಐಪಿಎಕ್ಸ್7 (ನೀರು ತಡೆಯುವ ಮಟ್ಟದ ಗುರುತು) ಅಂತಿದ್ದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆಯಬೇಕು. ಬರೀ 'ವಾಟರ್ ರೆಸಿಸ್ಟೆಂಟ್' ಅಂತಿದ್ದರೆ ತುಂತುರಿಗಷ್ಟೇ ನಂಬಿ.

ನಿಜ ಹೇಳಬೇಕೆಂದರೆ ಬೈನಾಕ್ಯುಲರನ್ನು ಕಾಡಿನ ಮಳೆಗಿಂತ ನಮ್ಮ ಮನೆಯ ಬೀರುವೇ ಹೆಚ್ಚು ಕೊಲ್ಲುತ್ತದೆ. ನನ್ನ ಮೊದಲ 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಗಾಜಿನ) ಬೈನಾಕ್ಯುಲರನ್ನು ಒದ್ದೆ ಚೀಲದ ಸಮೇತ ಬೀರುವಿಗೆ ತುರುಕಿದ್ದೆ. ದಸರಾ ಕಳೆದು ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಗಾಜಿನೊಳಗೆ ಜೇಡರ ಬಲೆಯಂಥ ಬೂಷ್ಟಿನ ಎಳೆಗಳು. ಬೆಂಗಳೂರಿನಲ್ಲಿ ಬಿಚ್ಚಿಸಿ ತೊಳೆಸಿದೆ. ಬೂಷ್ಟು ಹೋಯಿತು, ಅದು ಕೊರೆದು ತಿಂದ ಗಾಜಿನ ಮೇಲಿನ ತೆಳು ಲೇಪ (ಕೋಟಿಂಗ್) ಮರಳಿ ಬರಲಿಲ್ಲ. ಎರಡನೆಯದಕ್ಕೆ ಅಮ್ಮ, "ಒಲೆ ಮೇಲಿನ ಅಟ್ಟದಲ್ಲಿಡೋ, ಅಡಿಕೆ ಒಣಗತ್ತೆ, ಇದು ಒಣಗಲ್ವಾ?" ಅಂದರು. ಒಣಗಿತು ಹೌದು, ಗಾಜಿಗೆ ಹೊಗೆಯ ಜಿಡ್ಡೂ ಹತ್ತಿತು.

ಈಗ ಮನೆಗೆ ಬಂದ ಕೂಡಲೇ ಫ್ಯಾನ್ ಕೆಳಗಿಟ್ಟು ಪೂರ್ತಿ ಆರಿಸಿ, ಹಪ್ಪಳ ಗರಿಗರಿಯಾಗಿ ಉಳಿಯುವಂಥ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಚೀಲ ಹೊರಗೇ. ಒಳಗೊಂದು ಪುಟ್ಟ ತೇವಮಾಪಕ, ಮುಳ್ಳು ಶೇಕಡಾ 40ರಿಂದ 50ರ ನಡುವೆ ಇದ್ದರೆ ಸಾಕು. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ಓವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಕಾಯಿಸಿ, ಮತ್ತೆ ಹಳೇ ಬಣ್ಣಕ್ಕೆ ಬರುತ್ತದೆ. ನೀಲಿಯದರಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ, ಅಡುಗೆಮನೆಗೆ ಬೇಡ. ಅಕ್ಕಿಯಲ್ಲಿ ಹೂಳುವವರೂ ಇದ್ದಾರೆ. ಅದರ ಹುಡಿ ಫೋಕಸ್ ಚಕ್ರದ ಸಂದಿಗೆ ಸೇರಿದರೆ ಆಮೇಲೆ ಕರಕರ ಅನ್ನುತ್ತದೆ.

ಒರೆಸುವ ಮುಂಚೆ, ಅದುಮಿದರೆ ಗಾಳಿ ಊದುವ ಬ್ಲೋವರ್‌ನಿಂದ ಮಣ್ಣು ಹಾರಿಸಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ. ಲಿಕ್ವಿಡ್ ಹಾಕುವುದಾದರೆ ಬಟ್ಟೆಗೆ, ಗಾಜಿಗಲ್ಲ. ಪಂಚೆ ತುದಿ, ಸೀರೆ ಸೆರಗು ಖಂಡಿತ ಬೇಡ.

ಟಾರ್ಚ್ ಬಿಟ್ಟು ದೊಡ್ಡ ಗಾಜಿನ ಕಡೆಯಿಂದ ಒಂದು ಫೋಟೊ ತೆಗೆದು ಹಾಕಿ ಅಕ್ಕಾ, ನೋಡಿ ಹೇಳುತ್ತೇನೆ.