ಮುಕುರ್ತಿಯ ಕೆರೆ ಪಕ್ಕ ಕಾದರೆ ವರೆಯಾಡು ಕಾಣುತ್ತಾ?

ಪ್ರಶ್ನೆ: ನಾವು ತಾಳವಾಡಿಯವರು. ಬೇಸಿಗೆ ರಜೆಗೆ ಮಕ್ಕಳ ಜೊತೆ ಊಟಿಗೆ ಹೊರಟಿದ್ದೇವೆ. ಮುಕುರ್ತಿ ನ್ಯಾಷನಲ್ ಪಾರ್ಕಿನ ಕೆರೆಗಳ ಫೋಟೊ ನೋಡಿ ಮಗಳು ಅಲ್ಲಿಗೇ ಹೋಗಬೇಕು ಅಂತ ಹಟ ಹಿಡಿದಿದ್ದಾಳೆ. ಕೆರೆ ಪಕ್ಕ ಕಾದು ಕೂತರೆ ನೀರು ಕುಡಿಯಲು ವರೆಯಾಡು, ಅಂದ್ರೆ ನೀಲಗಿರಿ ಥಾರ್ ಅನ್ನೋ ಕಾಡು ಮೇಕೆಗಳು, ಬರುತ್ತವಾ ಸಾರ್?

ಉತ್ತರ: ಮೊದಲೇ ಹೇಳಿಬಿಡ್ತೇನೆ, ಮುಕುರ್ತಿಗೆ ಹೋಗಿ ಟಿಕೆಟ್ ತಗೊಂಡು ಒಳಗೆ ನಡೆಯೋಕೆ ಆಗಲ್ಲ. ಅರಣ್ಯ ಇಲಾಖೆಯ ಅನುಮತಿ ಬೇಕು, ಸುಮ್ನೆ ನೋಡೋಕೆ ಬಂದವರಿಗೆ ಅದು ಸಿಗೋದು ಕಷ್ಟ. ನಿಮಗೆ ಸರಿಹೋಗೋದು ಪಕ್ಕದ ಅವಲಾಂಚಿ. ಅಲ್ಲಿ ಇಲಾಖೆಯ ವ್ಯಾನಿನಲ್ಲೇ ಕರೆದುಕೊಂಡು ಹೋಗುತ್ತಾರೆ.

ಇನ್ನು ಆ ಕೆರೆಗಳು. ಅವೆಲ್ಲ ಕರೆಂಟಿಗಾಗಿ ಕಟ್ಟಿದ ಅಣೆಕಟ್ಟಿನ ನೀರು. ಮುಕುರ್ತಿಯದು 1938ರದ್ದು, ಪೈಕಾರ ವಿದ್ಯುತ್ ಯೋಜನೆಗೆ ಸೇರಿದ್ದು. ಅವಲಾಂಚಿ, ಎಮರಾಲ್ಡ್, ಅಪ್ಪರ್ ಭವಾನಿ ಕುಂದಾ ಯೋಜನೆಯವು. ದಡದಲ್ಲಿ ಫೋಟೊಗೆ ಚೆಂದ ಕಾಣುವ ಪೈನ್, ವಾಟಲ್ ಮರಗಳೂ ಹೊರಗಿನಿಂದ ತಂದು ನೆಟ್ಟವೇ. ನನಗಂತೂ ಆ ಹಸಿರು ನೋಡಿದರೆ ಸಿಟ್ಟೇ ಬರುತ್ತೆ. ಈ ಬೆಟ್ಟದ ನಿಜವಾದ ರೂಪ ಅಂದ್ರೆ ಬೋಳು ಹುಲ್ಲಿನ ಗುಡ್ಡ, ಗುಡ್ಡಗಳ ಮಡಿಕೆಯಲ್ಲಿ ಮಾತ್ರ ಕುಳ್ಳ ಮರಗಳ ಶೋಲಾ ಕಾಡು. ವಾಟಲ್ ಕಡಿದರೂ ಬಿಡಲ್ಲ, ಮಣ್ಣಲ್ಲಿ ಬಿದ್ದ ಬೀಜ ಮತ್ತೆ ಮತ್ತೆ ಮೊಳೆತು ಹುಲ್ಲನ್ನು ನುಂಗುತ್ತೆ. ವರೆಯಾಡಿಗೆ ಬೇಕಾದದ್ದು ಆ ಹುಲ್ಲೇ.

ಹುಲ್ಲಿನ ಜೊತೆ ಇನ್ನೊಂದು ಬೇಕು, ಪ್ರಪಾತ. ಚಿರತೆಯೋ ಕಾಡುನಾಯಿಯೋ ಬಂದರೆ ನಾವು ನಿಲ್ಲೋಕೂ ಆಗದ ಬಂಡೆಗಳ ಮೇಲೆ ಇಳಿದು ಅವು ಪಾರಾಗುತ್ತವೆ. ಅದಕ್ಕೇ ಅವು ಪಾರ್ಕಿನ ಪಶ್ಚಿಮದ ಅಂಚಲ್ಲಿ, ಬೆಟ್ಟ ಕೇರಳದ ಕಡೆ ಕಡಿದಾಗಿ ಇಳಿಯುವ ಜಾಗದಲ್ಲಿ ಜಾಸ್ತಿ. ಅಪಾಯ ಕಂಡರೆ ಒಂದು ಸಣ್ಣ ಸಿಳ್ಳೆ ಹಾಕುತ್ತೆ, ಹಿಂಡೆಲ್ಲ ತಲೆ ಎತ್ತುತ್ತೆ. ವಯಸ್ಸಾದ ಗಂಡಿನ ಮೈ ಕಡು ಕಂದು, ಬೆನ್ನ ಮೇಲೆ ಮಾತ್ರ ಬೂದಿ ಬಳಿದ ಹಾಗೆ ಬಿಳಿ ಪಟ್ಟೆ. ಹಾಗಾಗಿ ಕೆರೆ ಪಕ್ಕ ಕಾದರೆ ಪ್ರಯೋಜನ ಇಲ್ಲ. ಸಂಜೆ ಹೊತ್ತು ಕಡವೆ ಕಾಣಬಹುದು, ಶೋಲಾ ಒಳಗಿಂದ ಕರಿ ಮುಸುವನ ಕೂಗು ಕೇಳಬಹುದು.

ಮಗಳಿಗೆ ವರೆಯಾಡನ್ನೇ ತೋರಿಸಬೇಕು ಅಂದ್ರೆ ಊಟಿ ಬಿಟ್ಟು ಮುನ್ನಾರ್‌ಗೆ ಹೋಗಿ. ನಿಮಗೆ ಸತ್ಯಮಂಗಲ, ಉಡುಮಲೈ ದಾರಿ ಇದೆಯಲ್ವಾ. ಅಲ್ಲಿನ ಎರವಿಕುಳಂ ಪಾರ್ಕಿನ ರಾಜಮಲೆಯಲ್ಲಿ ಅವು ಜನರಿಗೆ ಒಗ್ಗಿಹೋಗಿವೆ, ರಸ್ತೆ ಪಕ್ಕದಲ್ಲೇ ಮೇಯುತ್ತವೆ. ಮರಿ ಹಾಕುವ ಕಾಲ ಅಂತ ಫೆಬ್ರವರಿ, ಮಾರ್ಚ್ ಹೊತ್ತಿಗೆ ಪಾರ್ಕ್ ಮುಚ್ಚಿರುತ್ತೆ, ರಜೆಯ ವೇಳೆಗೆ ಸಾಮಾನ್ಯವಾಗಿ ತೆರೆದಿರುತ್ತೆ. ಟಿಕೆಟ್ ಮೊದಲೇ ಆನ್‌ಲೈನಲ್ಲಿ ಮಾಡಿಸಿಕೊಳ್ಳಿ, ರಜೆಯಲ್ಲಿ ಕ್ಯೂ ಜಾಸ್ತಿ.